ಪಾರ್ಕಿಗೊಂದು ಪುಸ್ತಕ

ಬೆಂಗಳೂರಿನ ನಮ್ಮ ಎನ್.ಆರ್. ಕಾಲೋನಿಯ ಮೂಲೆ ಪಾರ್ಕಿನಲ್ಲಿ ಒಂದು ಹೊಂಗೆ ಮರ ಇದೆ. ವಾಕಿಂಗ್ ದಾರಿಗೆ ಹೊಸ ಕಲ್ಲು ಹಾಸಿದವರು ಅದರ ಬುಡದವರೆಗೂ ಹಾಸಿಬಿಟ್ಟರು. ಕಾಂಡಕ್ಕೂ ಕಲ್ಲಿಗೂ ನಡುವೆ ಎರಡು ಬೆರಳು ತೂರಿಸುವಷ್ಟು ಸಂದೂ ಉಳಿಯಲಿಲ್ಲ. ಮೂರು ಮಳೆಗಾಲ ಕಳೆಯುವಷ್ಟರಲ್ಲಿ ಬೇರು ಕಲ್ಲನ್ನು ಎತ್ತಿತು, ಎದ್ದ ಕಲ್ಲಿಗೆ ಎಡವಿ ಹಿರಿಯರೊಬ್ಬರು ಬಿದ್ದರು. ಆಮೇಲೆ ಎಲ್ಲರ ದೂರೂ ಮರದ ಮೇಲೆಯೇ, ಕಲ್ಲಿನ ಮೇಲೆ ಒಬ್ಬರದೂ ಇಲ್ಲ. ಒಂದು ಬೆಳಗ್ಗೆ ಗುದ್ದಲಿ ಹಿಡಿದು ಅಲ್ಲೇ ನಿಂತಿದ್ದ ಮಾಲಿಯನ್ನು ವಿಚಾರಿಸಿದೆ. "ಬುಡ ಬಿಗಿದ್‌ಬುಟ್ರೆ ಅದು ನೀರು ಕುಡಿಯೋದು ಎಲ್ಲಿಂದ ಸಾರ್? ಅದಕ್ಕೇ ಮೇಲಕ್ಕೆ ಬಂದೈತೆ" ಅಂದರು. ಅಷ್ಟು ತಿಳಿದ ಮನುಷ್ಯ ದಿನವೂ ಅಲ್ಲೇ ಇದ್ದಾರೆ. ಕಲ್ಲು ಹಾಸುವ ಮುಂಚೆ ಅವರನ್ನು ಒಂದು ಮಾತು ಕೇಳಿದವರಿಲ್ಲ.

ಪಾರ್ಕಿಗೆ ದುಡ್ಡು ಬರುವುದಿಲ್ಲ ಎಂದು ನಾವು ಗೊಣಗುತ್ತೇವೆ. ನಮ್ಮ ಭಾಗದಲ್ಲಿ ದುಡ್ಡು ಆಗೀಗ ಬರುತ್ತಲೇ ಇರುತ್ತದೆ. ಕಮಾನು ಏಳುತ್ತದೆ, ಕಾರಂಜಿ ಏಳುತ್ತದೆ, ಗ್ರಿಲ್ ಬದಲಾಗುತ್ತದೆ. ಇಲ್ಲದಿರುವುದು ನೆನಪು. ಬಜೆಟ್, ಟೆಂಡರ್, ವರ್ಕ್ ಆರ್ಡರ್, ಬಿಲ್ಲು, ಇವುಗಳ ಲೆಕ್ಕವೆಲ್ಲ ವರ್ಷದ್ದು. ಮರದ ಲೆಕ್ಕ ಐವತ್ತು ವರ್ಷದ್ದು. ಎಂಜಿನಿಯರಿಗೆ ವರ್ಗಾವಣೆ ಆಗುತ್ತದೆ, ಕಂಟ್ರಾಕ್ಟರ್ ಬದಲಾಗುತ್ತಾರೆ, ಹೊಸಬರು ಬಂದು ಮತ್ತೆ ಮೊದಲಿನಿಂದ ಶುರುಮಾಡುತ್ತಾರೆ. ಬದಲಾಗದೆ ಉಳಿಯುವವರು ಸುತ್ತಲಿನ ಮನೆಯವರು ಮಾತ್ರ. ಆದ್ದರಿಂದ ಮುಂದಿನ ಇಪ್ಪತ್ತು ವರ್ಷದ ಯೋಜನೆಯನ್ನು ಬರೆದಿಡುವ ಕೆಲಸವೂ ಅವರದೇ. ಇನ್ನೂರು ಪುಟದ ರಟ್ಟಿನ ಲಾಂಗ್ ನೋಟ್‌ಬುಕ್ ಒಂದು ತನ್ನಿ. ಅದರಲ್ಲಿ ಏನೇನು ಬರೆಯಬೇಕು, ಯಾವ ಕಾಲಕ್ಕೆ ಯಾರ ಮುಂದೆ ಇಡಬೇಕು ಎಂದು ಹೇಳುವುದಕ್ಕೆ ಈ ಲೇಖನ.

ದೂರದ ಯೋಚನೆ ಈ ಊರಿಗೆ ಹೊಸದಲ್ಲ. 1898ರ ಪ್ಲೇಗಿನಲ್ಲಿ ಪೇಟೆಯ ಇಕ್ಕಟ್ಟು ಗಲ್ಲಿಗಳು ಸಾವಿನ ಮನೆಯಾದಾಗ ಬೆಳೆದ ಬಸವನಗುಡಿ, ಮಲ್ಲೇಶ್ವರಗಳಲ್ಲಿ ಗಾಳಿ ಬೆಳಕಿಗೆ, ಮರಕ್ಕೆ, ಬಯಲಿಗೆ ಮೊದಲೇ ಜಾಗ ಬಿಟ್ಟರು. 1908ರಲ್ಲಿ ಲಾಲ್‌ಬಾಗಿಗೆ ಬಂದ ತೋಟಗಾರಿಕಾ ತಜ್ಞ ಕ್ರುಂಬಿಗಲ್ ವರ್ಷದ ಯಾವ ತಿಂಗಳಿನಲ್ಲೂ ಊರಿನ ಯಾವುದಾದರೊಂದು ಬೀದಿ ಹೂವಿನಲ್ಲಿರಬೇಕು ಎಂದು ಲೆಕ್ಕ ಹಾಕಿ ಮರಗಳನ್ನು ಆರಿಸಿದರು. ಅವರ ನಂತರ ಎಚ್.ಸಿ. ಜವರಾಯ, ಎಂ.ಎಚ್. ಮರಿಗೌಡ ಆ ಕೆಲಸವನ್ನು ಕೈಬಿಡದೆ ಮುಂದುವರಿಸಿದರು. ಇಂದು ನಾವು ಫೋಟೊ ತೆಗೆದುಕೊಳ್ಳುವ ಹೂವಿನ ಸಾಲಿನ ಹಿಂದೆ ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ದಾಟಿದ ಯೋಜನೆ ಇದೆ. ಹಾಗೆ ದಾಟಿಸದೆ ಹೋದದ್ದೂ ಉಂಟು. ಸಂಪಂಗಿ ಕೆರೆ ಕಂಠೀರವ ಕ್ರೀಡಾಂಗಣವಾಯಿತು, ಧರ್ಮಾಂಬುಧಿ ಕೆರೆ ಬಸ್ ನಿಲ್ದಾಣವಾಯಿತು.

ಮೊದಲ ಪುಟ: ಕಾಗದ

ಪುಸ್ತಕದ ಮೊದಲ ಪುಟದಲ್ಲಿ ಹೂವು ಬೇಡ, ಹದ್ದು ಬರೆಯಿರಿ. ಪಾರ್ಕು ಎಷ್ಟು ಗುಂಟೆ, ನಾಲ್ಕು ದಿಕ್ಕಿಗೆ ಏನಿದೆ, ಬಡಾವಣೆ ನಕ್ಷೆಯಲ್ಲಿ ಅದನ್ನು ಏನೆಂದು ಗುರುತಿಸಿದ್ದಾರೆ, ಈಗ ಯಾರ ಸುಪರ್ದಿಯಲ್ಲಿದೆ. ಟೇಪು ಹಿಡಿದು ನೀವೇ ಒಮ್ಮೆ ಅಳೆಯಿರಿ. ಕಾಗದದ ಅಳತೆಗೂ ನೆಲದ ಅಳತೆಗೂ ವ್ಯತ್ಯಾಸ ಕಂಡರೆ ಆ ದಿನವೇ ಬರೆದಿಡಿ. ಟ್ರಾನ್ಸ್‌ಫಾರ್ಮರ್, ಪಂಪ್‌ಹೌಸು, ಕಸ ವಿಂಗಡಿಸುವ ಶೆಡ್ಡು, ಒಂದೊಂದೂ ಒಂದೊಂದು ಮೂಲೆಯನ್ನು ಸದ್ದಿಲ್ಲದೆ ತಿನ್ನುತ್ತದೆ. ಹತ್ತು ವರ್ಷದ ನಂತರ ಯಾವುದು ಯಾವಾಗ ಬಂತು ಎಂದು ಹೇಳಬಲ್ಲವರು ಸಿಗುವುದಿಲ್ಲ.

ನಮ್ಮದು ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ (ಬಿಡಿಎ) ಹುಟ್ಟುವುದಕ್ಕೆ ಮುಂಚಿನ ಬಡಾವಣೆ. ಹಾಗಾಗಿ ಹಳೆಯ ನಕ್ಷೆಗೆ ಪಾಲಿಕೆಯ ಕಡತವನ್ನೇ ಕೇಳಬೇಕಾಗುತ್ತದೆ. ಮಾಹಿತಿ ಹಕ್ಕಿನ ಅರ್ಜಿಗೆ 10 ರೂಪಾಯಿ ಶುಲ್ಕ, 30 ದಿನದೊಳಗೆ ಉತ್ತರ ಬರಬೇಕು. ಕರ್ನಾಟಕದ ನಿಯಮದ ಪ್ರಕಾರ ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದ ಮೀರಬಾರದು. ಆದ್ದರಿಂದ ನಕ್ಷೆಗೆ ಒಂದು, ಕಳೆದ ಐದು ವರ್ಷದ ಕಾಮಗಾರಿಗಳ ಬಿಲ್ಲಿಗೆ ಒಂದು, ನಿರ್ವಹಣೆಯ ಗುತ್ತಿಗೆ ಕರಾರಿಗೆ ಒಂದು, ಹೀಗೆ ಬೇರೆ ಬೇರೆ ಹಾಕಿ. ಇನ್ನೊಂದು ಮುಖ್ಯ ಪ್ರಶ್ನೆ ಉಂಟು. ಉದ್ಯಾನ, ಆಟದ ಮೈದಾನ, ಬಯಲು ಜಾಗಗಳ ಸಂರಕ್ಷಣೆಗೆಂದೇ 1985ರಲ್ಲಿ ರಾಜ್ಯ ಒಂದು ಕಾಯ್ದೆ ಮಾಡಿದೆ. ಇಂಥ ಜಾಗಗಳ ಪಟ್ಟಿ ಮಾಡಬೇಕು ಎಂದು ಅದು ಹೇಳುತ್ತದೆ. ನಮ್ಮ ಪಾರ್ಕು ಆ ಪಟ್ಟಿಯಲ್ಲಿ ಇದೆಯೇ? ಈ ಪ್ರಶ್ನೆಗೆ ಉತ್ತರ ಲಿಖಿತವಾಗಿ ಕೈಗೆ ಬರಬೇಕು.

ಕಾಗದಕ್ಕೆ ಇಷ್ಟು ಒತ್ತು ಏಕೆಂದು ಅನುಮಾನವಿದ್ದರೆ ಸದಾಶಿವನಗರದ ಕಥೆ ಕೇಳಿ. ರಾಜಮಹಲ್ ವಿಲಾಸ್ ಬಡಾವಣೆಯಲ್ಲಿ ಪಾರ್ಕಿಗೆಂದು ಮೀಸಲಿಟ್ಟ ಜಾಗವನ್ನು ಆಸ್ಪತ್ರೆ ಕಟ್ಟಲೆಂದು ಒಂದು ಟ್ರಸ್ಟಿಗೆ ಕೊಟ್ಟರು. ಆಸ್ಪತ್ರೆ ಒಳ್ಳೆಯದೇ ಅಲ್ಲವೇ, ಬೇಡ ಎನ್ನುವುದು ಹೇಗೆ? ಆದರೂ ಅಲ್ಲಿನ ನಿವಾಸಿಗಳು ನ್ಯಾಯಾಲಯಕ್ಕೆ ಹೋದರು. ಬೆಂಗಳೂರು ಮೆಡಿಕಲ್ ಟ್ರಸ್ಟ್ ವಿರುದ್ಧ ಬಿ.ಎಸ್. ಮುದ್ದಪ್ಪ ಎಂದು ಹೆಸರಾದ ಆ ಪ್ರಕರಣ ಸುಪ್ರೀಂ ಕೋರ್ಟಿನವರೆಗೂ ಏರಿತು, 1991ರಲ್ಲಿ ತೀರ್ಪು ಬಂತು. ಪಾರ್ಕಿಗೆಂದು ಬಿಟ್ಟ ಜಾಗ ಪಾರ್ಕಾಗಿಯೇ ಇರಬೇಕು, ಖಾಸಗಿ ಆಸ್ಪತ್ರೆ ಅದಕ್ಕೆ ಬದಲಿಯಲ್ಲ, ಇದನ್ನು ಪ್ರಶ್ನಿಸುವ ಹಕ್ಕು ಆ ಬಡಾವಣೆಯ ನಿವಾಸಿಗಳಿಗೆ ಇದೆ ಎಂದು ನ್ಯಾಯಾಲಯ ಎತ್ತಿಹಿಡಿಯಿತು. ದೇಶದ ಯಾವ ಮೂಲೆಯಲ್ಲಿ ಪಾರ್ಕಿನ ವ್ಯಾಜ್ಯ ನಡೆದರೂ ವಕೀಲರು ಇಂದಿಗೂ ಬೆಂಗಳೂರಿನ ಈ ತೀರ್ಪನ್ನು ಮುಂದಿಡುತ್ತಾರೆ. ಆ ನಿವಾಸಿಗಳ ಕೈಯಲ್ಲಿ ಇದ್ದ ಬಲ ಒಂದೇ: ಈ ಜಾಗ ಪಾರ್ಕು ಎಂದು ಹೇಳುವ ಬಡಾವಣೆ ಯೋಜನೆ.

ಯೋಜನೆಯಲ್ಲಿ ಗಟ್ಟಿಯಾಗಿ ಇಲ್ಲದ ಹಸಿರಿಗೆ ಏನಾಗುತ್ತದೆ ಎಂಬುದನ್ನೂ ಹತ್ತಿರದಲ್ಲೇ ನೋಡಿದ್ದೇವೆ. ಆರ್.ವಿ. ರಸ್ತೆಯ ನಡುವಿನ ಲಕ್ಷ್ಮಣರಾವ್ ಉದ್ಯಾನದ ನೆರಳಿನಲ್ಲಿ ನಡೆದವರು ನಮ್ಮಲ್ಲಿ ಇನ್ನೂ ಇದ್ದಾರೆ. 2009ರಲ್ಲಿ ಮೆಟ್ರೊಗಾಗಿ ಆ ಮರಗಳು ಹೋದವು. ಜನ ರಸ್ತೆಗಿಳಿದರು, ಕಣ್ಣೀರು ಹಾಕಿದರು. ಮೆಟ್ರೊ ಬಂದಿದೆ, ನಾನೂ ಹತ್ತುತ್ತೇನೆ. ಆದರೆ ಮಾರ್ಗದ ಗೆರೆ ಎಳೆಯುವ ದಿನ ನಮ್ಮ ಕಡೆಯಿಂದ ಇನ್ನೊಂದು ಗೆರೆ ಮೇಜಿನ ಮೇಲೆ ಇದ್ದಿದ್ದರೆ ಮಾತುಕತೆ ಮರ ಕಡಿಯುವ ದಿನ ಶುರುವಾಗುತ್ತಿರಲಿಲ್ಲ.

ಎಣಿಕೆ: ಬಂದವರದು, ಬಾರದವರದು

ಎರಡನೆಯ ಕೆಲಸಕ್ಕೆ ಪ್ರತಿ ಋತುವಿನಲ್ಲಿ ಎರಡು ದಿನ ಸಾಕು. ಒಂದು ಮಂಗಳವಾರ, ಒಂದು ಭಾನುವಾರ. ಬೆಳಗ್ಗೆ ಆರೂವರೆ, ಮಧ್ಯಾಹ್ನ ಹನ್ನೆರಡು, ಸಂಜೆ ಐದು, ರಾತ್ರಿ ಎಂಟು. ಪ್ರತಿ ಸಲ ಹದಿನೈದು ನಿಮಿಷ ಒಂದೆಡೆ ನಿಂತು ಎಷ್ಟು ಜನ, ಅಂದಾಜು ವಯಸ್ಸು, ಗಂಡಸರೋ ಹೆಂಗಸರೋ, ಏನು ಮಾಡುತ್ತಿದ್ದಾರೆ ಎಂದು ಗೀಟು ಹಾಕುತ್ತ ಹೋಗಿ. ಬೇಸಗೆಯಲ್ಲಿ ಒಮ್ಮೆ, ಮಳೆಗಾಲದಲ್ಲಿ ಒಮ್ಮೆ, ಚಳಿಯಲ್ಲಿ ಒಮ್ಮೆ. ಹೆಸರು ಬರೆಯಬೇಡಿ, ಫೋಟೊ ತೆಗೆಯಬೇಡಿ.

ನಾವು ಎಣಿಸಿದಾಗ ಬೆಳಗಿನ ವಾಕಿಂಗಿನವರೇ ಹೆಚ್ಚು, ಅದು ಎಲ್ಲರಿಗೂ ಗೊತ್ತಿದ್ದದ್ದೇ. ನನ್ನನ್ನು ತಡೆದು ನಿಲ್ಲಿಸಿದ್ದು ಖಾಲಿ ಬಿದ್ದ ಕಾಲಮ್ಮುಗಳು. ಹನ್ನೆರಡರಿಂದ ಹದಿನೆಂಟರ ಹೆಣ್ಣುಮಕ್ಕಳು ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆ. ಅದೇ ವಯಸ್ಸಿನ ಹುಡುಗರು ಗೇಟಿನ ಹೊರಗೆ ರಸ್ತೆಯಲ್ಲಿ ಕ್ರಿಕೆಟ್ ಆಡುತ್ತಿದ್ದರು, ಒಳಗೆ ಆಡಬಾರದೆಂದು ಬೋರ್ಡಿದೆಯಲ್ಲ. ಮಧ್ಯಾಹ್ನ ಬಸ್ ನಿಲ್ದಾಣದ ಕಡೆಯ ಡ್ರೈವರ್ ಕಂಡಕ್ಟರುಗಳು, ಮನೆಗೆಲಸ ಮುಗಿಸಿ ಬಂದ ಹೆಂಗಸರು, ಕೊರಿಯರ್ ಹುಡುಗರು ಊಟದ ಡಬ್ಬಿ ಬಿಚ್ಚಲು ನೆರಳು ಹುಡುಕುತ್ತಾರೆ. ಪಾರ್ಕು ಅವರದೂ ಹೌದು. ನಡುಹಗಲಲ್ಲಿ ಗೇಟಿಗೆ ಬೀಗ ಹಾಕುವ ಹಳೆಯ ಪದ್ಧತಿ ಬಿಟ್ಟು, 2024ರಲ್ಲಿ ಪಾಲಿಕೆ ತನ್ನ ಪಾರ್ಕುಗಳನ್ನು ಬೆಳಗ್ಗೆ 5ರಿಂದ ರಾತ್ರಿ 10ರವರೆಗೆ ತೆರೆದಿಡಲು ಹೇಳಿತು. ನಿಮ್ಮ ಗೇಟಿನ ಬೀಗ ಇದಕ್ಕೆ ಒಪ್ಪಿದೆಯೇ ನೋಡಿ.

ಬಾರದವರನ್ನು ಮನೆಗೇ ಹೋಗಿ ಕೇಳಬೇಕು. ನಮ್ಮ ಎದುರು ಮನೆಯ ಅಜ್ಜಿ ಎಂಬತ್ತು ದಾಟಿದವರು. "ಪಾರ್ಕಿಗೆ ಯಾಕ್ ಬರಲ್ಲ ಅಜ್ಜಿ?" ಎಂದರೆ, "ಬೆಂಚು ಇದೆ ಕಣಪ್ಪ, ಎದ್ದೇಳಕ್ಕೆ ಕೈಗೆ ಆಸರೆ ಎಲ್ಲಿದೆ?" ಎಂದರು. ಹೋಗಿ ನೋಡಿದೆ. ಅಚ್ಚುಕಟ್ಟಾದ ಕಲ್ಲಿನ ಬೆಂಚುಗಳು, ಒಂದಕ್ಕೂ ಕೈಯಿಲ್ಲ, ಬೆನ್ನಿಲ್ಲ, ಎತ್ತರ ಮೊಣಕಾಲಿಗಿಂತ ಕೆಳಗೆ. ಮಂಡಿ ನೋವಿನವರು ಅದರಲ್ಲಿ ಕೂತರೆ ಏಳಲು ಇನ್ನೊಬ್ಬರು ಬೇಕು. ಎರಡು ಬೆಂಚಿಗೆ ಕಬ್ಬಿಣದ ಹಿಡಿ ಬೆಸೆದು ಕೊಟ್ಟರೆ ಆ ಅಜ್ಜಿಗೆ ಪಾರ್ಕು ತೆರೆಯುತ್ತದೆ. ಕಾರಂಜಿಯ ಒಂದು ನಲ್ಲಿಯ ಖರ್ಚೂ ಆಗಲಿಕ್ಕಿಲ್ಲ.

ಈ ಎಣಿಕೆಯನ್ನು ಇಪ್ಪತ್ತು ವರ್ಷ ಮುಂದಕ್ಕೆ ಎಳೆದು ನೋಡಿ. ನಮ್ಮ ಬೀದಿಗಳಲ್ಲಿ ತೊಟ್ಟಿ ಇದ್ದ, ಹಿತ್ತಲಿದ್ದ ಒಂದೊಂದು ಮನೆ ಉರುಳಿದಾಗಲೂ ಅಲ್ಲಿ ನಾಲ್ಕೋ ಎಂಟೋ ಸಂಸಾರಕ್ಕೆ ಫ್ಲ್ಯಾಟು ಏಳುತ್ತದೆ. ಹಿತ್ತಲು ಹೋದ ಮೇಲೆ ಮಗು ಮಣ್ಣು ಮುಟ್ಟುವುದು ಪಾರ್ಕಿನಲ್ಲೇ. ಇನ್ನೊಂದು ಕಡೆ, ಮಕ್ಕಳು ಹೊರದೇಶದಲ್ಲಿದ್ದು ಇಬ್ಬರೇ ಉಳಿದ ಹಿರಿಯರ ಮನೆಗಳು. ಇವತ್ತು ಅರವತ್ತರಲ್ಲಿ ಚುರುಕಾಗಿ ಸುತ್ತು ಹಾಕುವವರಿಗೆ ಆಗ ಎಂಬತ್ತಾಗಿರುತ್ತದೆ. ಅಂದರೆ ಮೆಟ್ಟಿಲಿರುವಲ್ಲಿ ಇಳಿಜಾರು ಬೇಕು, ಒಂದಡಿ ಏರಿಕೆಗೆ ಹನ್ನೆರಡಡಿ ಉದ್ದ. ಗೇಟಿಗೆ ಇಟ್ಟಿರುವ ಸುತ್ತುಗಂಬಿ ಗಾಲಿಕುರ್ಚಿಯನ್ನು ತಡೆಯುತ್ತದೆ, ಅದು ಹೋಗಬೇಕು. ಶೌಚಾಲಯ ಬೇಕೇ ಬೇಕು. ಹೆಂಗಸರು ಬೇಗ ಮನೆಗೆ ಹೋಗಿಬಿಡುವುದು ಬಹಳ ಸಲ ಅದು ಇಲ್ಲದ್ದಕ್ಕೇ.

ಕೇಂದ್ರ ಸರ್ಕಾರ 2014ರಲ್ಲಿ ಹೊರತಂದ ನಗರ ಯೋಜನೆಯ ಮಾರ್ಗಸೂಚಿ ತಲೆಗೆ 10ರಿಂದ 12 ಚದರ ಮೀಟರ್ ಬಯಲು ಇರಲಿ ಎನ್ನುತ್ತದೆ. ಐದು ಸಾವಿರ ಜನಕ್ಕೆ ಅರ್ಧ ಹೆಕ್ಟೇರಿನ ಒಂದು ಪಾರ್ಕು, ನಮ್ಮ ಭಾಷೆಯಲ್ಲಿ ಸುಮಾರು 50 ಗುಂಟೆ. ಹಳೇ ಬಡಾವಣೆಯಲ್ಲಿ ಹೊಸ ಐವತ್ತು ಗುಂಟೆ ಎಲ್ಲಿಂದ ತರುವುದು? ತರಲಾಗದು. ಇರುವುದನ್ನು ಹೆಣೆಯಬಹುದು.

ಸುತ್ತಮುತ್ತ ಕಣ್ಣಾಡಿಸಿ. ಕಹಳೆ ಬಂಡೆ ನಡೆದು ಹೋಗುವ ದೂರ, ಕೃಷ್ಣರಾವ್ ಪಾರ್ಕು ಇನ್ನೊಂದಿಷ್ಟು ಹೆಜ್ಜೆ. ಆಚಾರ್ಯ ಪಾಠಶಾಲೆಯಂಥ ಹಳೆಯ ಸಂಸ್ಥೆಗಳಿಗೆ ಮೈದಾನವಿದೆ. ಸಂಜೆ, ರಜಾದಿನ, ಬೇಸಗೆ ರಜೆಯಲ್ಲಿ ಬಡಾವಣೆಯ ಮಕ್ಕಳಿಗೆ ಇಂತಿಷ್ಟು ಹೊತ್ತು ಎಂದು ಯಾವುದೇ ಶಾಲೆಯೊಂದಿಗೆ ಮಾತಾಡಿ ಲಿಖಿತ ಒಪ್ಪಂದ ಮಾಡಿಕೊಳ್ಳಬಹುದು. ಕಾವಲು ಯಾರದು, ಗಾಯವಾದರೆ ಹೊಣೆ ಯಾರದು, ಕಸ ಎತ್ತುವವರು ಯಾರು ಎಂಬ ಮೂರನ್ನು ಮೊದಲೇ ಬರೆದುಕೊಂಡರೆ ಆಡಳಿತ ಮಂಡಳಿಯ ಅರ್ಧ ಅಳುಕು ಹೋಗುತ್ತದೆ. ಹುಡುಗರ ಕ್ರಿಕೆಟ್ಟಿಗೆ ಮೈದಾನ ಸಿಕ್ಕರೆ ಚಿಕ್ಕ ಪಾರ್ಕು ಚಿಕ್ಕವರಿಗೂ ಅಜ್ಜಿಯರಿಗೂ ಉಳಿಯುತ್ತದೆ.

ಇನ್ನು ಬಸವನಗುಡಿ, ಮಲ್ಲೇಶ್ವರದ ಮನೆಗಳ ಬೆನ್ನಿಗಿರುವ ಕನ್ಸರ್ವೆನ್ಸಿ ಗಲ್ಲಿಗಳು. ಮಲ ಹೊರುವ ಅನಿಷ್ಟ ಕಾಲದಲ್ಲಿ ಅದಕ್ಕೆಂದೇ ಬಿಟ್ಟ ಜಾಗ. ಇವತ್ತು ಕಸ, ಕೆಟ್ಟ ಸ್ಕೂಟರು. ಆದರೆ ಕಾರು ನುಗ್ಗದ, ನೆರಳಿನ ಸಾರ್ವಜನಿಕ ಜಾಗ ಇಷ್ಟು ಮನೆಗಳ ಹಿತ್ತಿಲಲ್ಲೇ ಇನ್ನೆಲ್ಲಿ ಸಿಕ್ಕೀತು? ಎರಡನೆಯ ಮಹಾಯುದ್ಧ ಮುಗಿದ ಮೇಲೆ ಆಮ್‌ಸ್ಟರ್‌ಡಾಮ್ ನಗರದಲ್ಲಿ ಆಲ್ಡೊ ವಾನ್ ಐಕ್ ಎಂಬ ವಾಸ್ತುಶಿಲ್ಪಿ ಇಂಥ ಪಾಳುಬಿದ್ದ ಚೂರುಪಾರು ಜಾಗಗಳನ್ನೇ ಹಿಡಿದು 1947ರಿಂದ ಮೂವತ್ತು ವರ್ಷದಲ್ಲಿ ಏಳುನೂರಕ್ಕೂ ಹೆಚ್ಚು ಆಟದ ಅಂಗಳ ಮಾಡಿದರು. ಒಂದು ಮರಳಿನ ಗುಂಡಿ, ಹತ್ತಲು ಒಂದೆರಡು ಕಂಬಿ, ದಾಟಲು ಕಲ್ಲಿನ ಗುಂಡುಗಳು, ಒಂದು ಬೆಂಚು, ಅಷ್ಟೇ. ನಮಗೂ ಒಂದು ಗಲ್ಲಿಯಿಂದ ಶುರುಮಾಡಲು ಅಡ್ಡಿಯಿಲ್ಲ. ಅಲ್ಲಿ ಒಳಚರಂಡಿಯ ಮ್ಯಾನ್‌ಹೋಲುಗಳಿವೆ, ಅವುಗಳ ಮೇಲೆ ಮಾತ್ರ ಏನನ್ನೂ ಕೂರಿಸಬೇಡಿ.

ಮರದ ಜಾತಕ, ನೀರಿನ ಲೆಕ್ಕ

ಪ್ರತಿ ಮರಕ್ಕೂ ಒಂದು ಸಾಲು ಬರೆಯಿರಿ: ನಂಬರು, ಜಾತಿ, ಎದೆಮಟ್ಟದಲ್ಲಿ ಸುತ್ತಳತೆ, ಯಾವ ಕಡೆ ವಾಲಿದೆ, ಬುಡದಲ್ಲಿ ಕಾಂಕ್ರೀಟ್ ಇದೆಯೇ, ಒಣಗಿದ ಕೊಂಬೆ ಎಷ್ಟು, ಹೂ ಬಿಟ್ಟ ತಿಂಗಳು. ಸುತ್ತಳತೆ ಎರಡು ವರ್ಷಕ್ಕೊಮ್ಮೆ ಸಾಕು. ಒಂದೇ ಕಾಲದಲ್ಲಿ ನೆಟ್ಟವು ಒಂದೇ ಕಾಲಕ್ಕೆ ಮುದಿಯಾಗುತ್ತವೆ. ಗುಲ್‌ಮೊಹರ್, ಕಾಪರ್‌ಪಾಡ್ ಬೇಗ ಬೆಳೆಯುತ್ತವೆ, ಬೇಗ ಮುರಿಯುತ್ತವೆ. ಏಪ್ರಿಲ್ ಮೇ ತಿಂಗಳ ಬಿರುಮಳೆಯ ಮರುದಿನ ಬೀದಿಗೆ ಅಡ್ಡ ಬಿದ್ದಿರುವುದು ಅವೇ ಹೆಚ್ಚು. ಅವು ಬೀಳುವ ತನಕ ಕಾಯಬೇಡಿ, ಈಗಲೇ ಪಕ್ಕದಲ್ಲಿ ಹೊಂಗೆ, ನೇರಳೆ, ಸಂಪಿಗೆ, ಕಕ್ಕೆ ನೆಡಿ. ಐದು ವರ್ಷಕ್ಕೊಮ್ಮೆ ಒಂದು ತಂಡ ಸಸಿ ಎಂಬ ನಿಯಮ ಇಟ್ಟುಕೊಂಡರೆ ಇಪ್ಪತ್ತು ವರ್ಷದಲ್ಲಿ ನಾಲ್ಕು ವಯಸ್ಸಿನ ಮರಗಳಿರುತ್ತವೆ, ನೆರಳು ಒಂದೇ ಗಾಳಿಗೆ ಹೋಗುವುದಿಲ್ಲ. ಬುಡದ ಸುತ್ತ ಕನಿಷ್ಠ ನಾಲ್ಕಡಿ ಮಣ್ಣು ಬಿಡಬೇಕೆಂದು ಪ್ರತಿ ಕಾಮಗಾರಿಯ ಷರತ್ತಿನಲ್ಲೇ ಬರೆಸಿ. ಕೊಂಬೆ ಕಡಿಯುವುದಕ್ಕೂ ಮರ ಸಂರಕ್ಷಣಾ ಕಾಯ್ದೆ, 1976ರ ಪ್ರಕಾರ ವೃಕ್ಷಾಧಿಕಾರಿಯನ್ನೇ ಕೇಳಬೇಕು, ಗರಗಸದವನನ್ನು ನೀವೇ ಕರೆಸಬೇಡಿ.

ನೀರಿನ ಪಾಠವನ್ನು ನಾವು 2024ರ ಬೇಸಗೆಯಲ್ಲಿ ಕಲಿತೆವು. ಆ ಮಾರ್ಚಿನಲ್ಲಿ ಜಲಮಂಡಳಿ ಗಿಡಗಳಿಗೆ, ಕಾರು ತೊಳೆಯಲು ಕುಡಿಯುವ ನೀರು ಬಳಸಿದರೆ 5,000 ರೂಪಾಯಿ ದಂಡ ಎಂದಿತು. ಹುಲ್ಲುಹಾಸು ಮೊದಲು ಸತ್ತಿತು, ಹೊಂಗೆಗೆ ಏನೂ ಆಗಲಿಲ್ಲ. ಲೆಕ್ಕ ನೋಡಿ: ಬೆಂಗಳೂರಿಗೆ ವರ್ಷಕ್ಕೆ ಸರಿಸುಮಾರು 970 ಮಿಲಿಮೀಟರ್ ಮಳೆ. ಇಪ್ಪತ್ತು ಗುಂಟೆಯ ಪಾರ್ಕಿನ ಮೇಲೆ ವರ್ಷಕ್ಕೆ ಇಪ್ಪತ್ತು ಲಕ್ಷ ಲೀಟರಿನ ಹತ್ತಿರ ನೀರು ಸುರಿಯುತ್ತದೆ, ಆರು ಸಾವಿರ ಲೀಟರಿನ ಟ್ಯಾಂಕರ್ ಲೆಕ್ಕದಲ್ಲಿ ಮುನ್ನೂರಕ್ಕೂ ಹೆಚ್ಚು. ಕಲ್ಲು ಹಾಸಿದಷ್ಟೂ ಅದು ಮೋರಿಗೆ. ತಗ್ಗು ಮೂಲೆಯಲ್ಲಿ ಮೂರಡಿ ಅಗಲ, ಇಪ್ಪತ್ತು ಮೂವತ್ತಡಿ ಆಳದ ಇಂಗುಬಾವಿ ತೋಡಿಸಿ ಸಿಮೆಂಟ್ ಬಳೆ ಇಳಿಸಿದರೆ ನೀರು ನೆಲಕ್ಕೆ. ಬಾವಿ ತೋಡುವ ಮಣ್ಣು ವಡ್ಡರ ಕಸುಬು ಇನ್ನೂ ಜೀವಂತವಾಗಿದೆ. ಕಬ್ಬನ್ ಪಾರ್ಕಿನಲ್ಲಿ ಹಳೆಯ ಬಾವಿಗಳ ಹೂಳೆತ್ತಿ, ಹೊಸ ಇಂಗುಬಾವಿ ತೋಡಿದ್ದು ಅವರೇ. ಆದರೆ ನಮ್ಮದು ಬಂಡೆಯ ಸೀಮೆ, ಕೆಲವೆಡೆ ಎಂಟು ಹತ್ತು ಅಡಿಗೇ ಕಲ್ಲು ಸಿಕ್ಕೀತು. ಅಗೆಯುವ ಮೊದಲು ಅಕ್ಕಪಕ್ಕದ ಹಳೆಯ ಬಾವಿಗಳ ಆಳ ವಿಚಾರಿಸಿ ಬರೆದುಕೊಳ್ಳಿ. ಒಳಚರಂಡಿ ಪೈಪಿನ ಹತ್ತಿರವಂತೂ ಬೇಡ.

ಇದೆಲ್ಲ ಬಡಾವಣೆಯ ಪಾರ್ಕಿನ ಮಾತಾಯಿತು. ಕಹಳೆ ಬಂಡೆಯ ಮಾತು ಬೇರೆ, ಅದು ಇಡೀ ಊರಿನದು. ಕಾರ್ತಿಕದ ಕೊನೆಯ ಸೋಮವಾರ ದೊಡ್ಡ ಬಸವಣ್ಣನ ಮುಂದೆ ಕಡಲೆಕಾಯಿ ಪರಿಷೆ ಕೂಡಿದಾಗ ಲಕ್ಷಾಂತರ ಕಾಲು ಆ ಸುತ್ತಿನಲ್ಲಿ ಓಡಾಡುತ್ತವೆ. ಪರಿಷೆ ನಮ್ಮ ಸಂಭ್ರಮ, ಅದು ಬೇಕು. ಪ್ರತಿ ವರ್ಷ ಬರುವುದು ಗೊತ್ತಿರುವಾಗ ತಾತ್ಕಾಲಿಕ ಶೌಚಾಲಯ ಎಲ್ಲಿ, ಸಿಪ್ಪೆ ಎಲ್ಲಿಗೆ, ಬಾವಲಿಗಳು ನೇತುಬಿದ್ದಿರುವ ಮರಗಳ ಕಡೆಗೆ ದೀಪ ಮೈಕು ತಿರುಗದ ಹಾಗೆ ಹೇಗೆ, ಪರಿಷೆ ಮುಗಿದ ಮೇಲೆ ನೆಲಕ್ಕೆ ಎಷ್ಟು ವಾರ ವಿಶ್ರಾಂತಿ, ಇದೆಲ್ಲ ಶ್ರಾವಣದಲ್ಲೇ ಬರೆದಾಗಿರಬೇಕು.

ದುಡ್ಡು, ದಿನಾಂಕ, ಬಾಗಿಲು

ಒಂದು ಪುಟಕ್ಕೆ ಉದ್ದಗೆರೆ ಎಳೆದು ಎಡಕ್ಕೆ ಪಾರ್ಕಿನ ಪ್ರತಿ ವಸ್ತು, ಬಲಕ್ಕೆ ಹಾಕಿದ ವರ್ಷ, ಮೊದಲ ರಿಪೇರಿ, ಕೆಟ್ಟು ಹೋದ ವರ್ಷ ಬರೆಯಿರಿ. ಜಾರುಬಂಡೆ, ಉಯ್ಯಾಲೆಯ ಸರಪಳಿ, ಓಪನ್ ಜಿಮ್ಮಿನ ಬೇರಿಂಗು, ಪಂಪ್‌ಸೆಟ್ಟು. ಮೂರು ನಾಲ್ಕು ವರ್ಷದಲ್ಲಿ ಯಾವುದು ಎಷ್ಟು ಕಾಲ ಬಾಳುತ್ತದೆ ಎಂಬ ನಿಮ್ಮದೇ ಪಟ್ಟಿ ಸಿದ್ಧವಾಗುತ್ತದೆ. ಯಾರೇ ಹೊಸದೊಂದು ಕೊಡುಗೆ ಕೊಡಲು ಬಂದರೂ, ಕಂಪನಿಯವರಾಗಲಿ ಜನಪ್ರತಿನಿಧಿಯಾಗಲಿ, ಈ ಪುಟ ತೋರಿಸಿ ಒಂದೇ ಪ್ರಶ್ನೆ ಕೇಳಿ: ಐದನೆಯ ವರ್ಷದ ಗ್ರೀಸು, ಬಣ್ಣ, ಕರೆಂಟು ಬಿಲ್ಲು ಯಾರದು? ಉತ್ತರವಿಲ್ಲದ ಕೊಡುಗೆಯನ್ನು ಕೈಮುಗಿದು ಬೇಡವೆನ್ನಿ. ಮಾಲಿಯ ಸಂಬಳ ತಿಂಗಳು ತಿಂಗಳು ಸರಿಯಾಗಿ ಬರುತ್ತಿದೆಯೇ ಎಂಬುದೂ ಇದೇ ಪುಟದಲ್ಲಿ ಇರಲಿ. ಹೊಸ ಗ್ರಿಲ್ಲಿಗಿಂತ ಅದು ದೊಡ್ಡ ವಿಷಯ.

ಪಾರ್ಕು, ಆಟದ ಮೈದಾನ ನಗರಾಡಳಿತದ ಹೊಣೆ ಎಂದು ಸಂವಿಧಾನದ 74ನೆಯ ತಿದ್ದುಪಡಿ ತಂದ ಹನ್ನೆರಡನೆಯ ಅನುಸೂಚಿಯೇ ಹೇಳುತ್ತದೆ. ವಾರ್ಡ್ ಸಮಿತಿಯ ಕಲ್ಪನೆಯೂ ಅದೇ ತಿದ್ದುಪಡಿಯದು. 2020ರ ಸೆಪ್ಟೆಂಬರಿನಲ್ಲಿ ಕಾರ್ಪೊರೇಟರುಗಳ ಅವಧಿ ಮುಗಿದ ಮೇಲೆ ವರ್ಷಗಟ್ಟಲೆ ನಮಗೆ ತಟ್ಟಲು ಕಾರ್ಪೊರೇಟರ ಬಾಗಿಲಿರಲಿಲ್ಲ. 2025ರಲ್ಲಿ ಬಿಬಿಎಂಪಿಯೇ ಹೋಗಿ ಗ್ರೇಟರ್ ಬೆಂಗಳೂರು ಪ್ರಾಧಿಕಾರದ ಕೆಳಗೆ ಐದು ಪಾಲಿಕೆಗಳಾದವು. ಕಚೇರಿ ಬದಲಾದಾಗೆಲ್ಲ ಕಡತ ಕಳೆಯುವುದುಂಟು, ಆಗ ನಿಮ್ಮ ಪುಸ್ತಕವೇ ಕಡತ.

ಪಾಲಿಕೆ ಬಜೆಟ್ ಫೆಬ್ರುವರಿ ಮಾರ್ಚಿನ ಸುಮಾರಿಗೆ ಮಂಡನೆಯಾಗುತ್ತದೆ. ಮಾರ್ಚಿನಲ್ಲಿ ಮನವಿ ಕೊಟ್ಟರೆ ಮಾಲೆ ಹಾಕಿದ ಮೇಲೆ ಮುಹೂರ್ತ ಕೇಳಿದ ಹಾಗೆ. ದಸರಾ ಮುಗಿದ ಕೂಡಲೇ, ಅಕ್ಟೋಬರ್ ನವೆಂಬರಿನಲ್ಲಿ, ತೋಟಗಾರಿಕೆ ವಿಭಾಗಕ್ಕೂ ವಾರ್ಡ್ ಎಂಜಿನಿಯರಿಗೂ ಒಂದೇ ಹಾಳೆಯ ಮನವಿ ಕೊಡಿ: ಈ ವರ್ಷದ ಮೂರು ಕೆಲಸ, ಐದು ವರ್ಷದ ಮೂರು, ಇಪ್ಪತ್ತು ವರ್ಷದ ಒಂದು. ಜೊತೆಗೆ ಎಣಿಕೆಯ ನಕಲು ಇರಲಿ, ಸ್ವೀಕೃತಿಯ ಸೀಲು ಹಾಕಿಸಿಕೊಳ್ಳಿ. ದೊಡ್ಡ ನಕ್ಷೆಯ ಕಡೆಗೂ ಕಣ್ಣಿರಲಿ. ಮಾಸ್ಟರ್ ಪ್ಲಾನನ್ನು ಹತ್ತು ವರ್ಷಕ್ಕೊಮ್ಮೆಯಾದರೂ ಪರಿಷ್ಕರಿಸಬೇಕೆಂದು ಕಾನೂನಿದೆ. 2015ಕ್ಕೆಂದು ಮಾಡಿದ ಯೋಜನೆಯ ನಂತರ 2031ರ ಕರಡು 2017ರಲ್ಲಿ ಹೊರಬಂದು, ಜಾರಿಗೆ ಬಾರದೆ ಹಿಂದೆ ಸರಿಯಿತು. ಮುಂದಿನ ಕರಡು ಬಂದಾಗ ಆಕ್ಷೇಪಣೆಗೆ ಸಿಗುವ ಅವಧಿ ಬಹಳ ಚಿಕ್ಕದು. ಪುಸ್ತಕ ತುಂಬಿರುವವರಿಗೆ ಅಷ್ಟು ಸಾಕಾಗುತ್ತದೆ.

ಸಭೆ ಎಲ್ಲಿ ಸೇರುವುದು ಎಂದು ನಮಗೆ ಯೋಚನೆಯಿಲ್ಲ. ಸಾರ್ವಜನಿಕ ವಿಷಯವನ್ನು ಜನ ತಿಳಿದು, ಅಳೆದು, ಮಾತಾಡಬೇಕೆಂದು ಡಿ.ವಿ.ಜಿ. 1945ರಲ್ಲಿ ಸ್ಥಾಪಿಸಿದ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆ ನಮ್ಮ ಬುಲ್ ಟೆಂಪಲ್ ರಸ್ತೆಯಲ್ಲೇ ಇದೆ. ಮೊದಲ ಸಭೆಗೆ ಮಾಲಿಯನ್ನೂ ಎದುರು ಮನೆಯ ಅಜ್ಜಿಯನ್ನೂ ಕರೆಯಿರಿ, ಕ್ರಿಕೆಟ್ ಹುಡುಗರಲ್ಲಿ ಇಬ್ಬರನ್ನು, ಅವರ ಅಕ್ಕತಂಗಿಯರಲ್ಲಿ ಇಬ್ಬರನ್ನು ಕರೆಯಿರಿ. ಪುಸ್ತಕದ ನಕಲು ಮೂರು ಮನೆಯಲ್ಲಿರಲಿ, ಅದರಲ್ಲಿ ಒಂದು ಮೂವತ್ತರ ಒಳಗಿನವರ ಮನೆಯಾಗಿರಲಿ.

ನಮ್ಮ ಪುಸ್ತಕದಲ್ಲಿ ಈಗ ಮೂವತ್ತೊಂದು ಪುಟ ತುಂಬಿದೆ. ಮೂವತ್ತೆರಡನೆಯದರ ಮೇಲ್ಗಡೆ ಹೊಂಗೆಯ ಸುತ್ತಳತೆ ಇದೆ. ಅದರ ಕೆಳಗೆ ಒಂದು ಸಾಲು: ಬುಡದ ಕಲ್ಲು ಎಂಟು ತೆಗೆದದ್ದಾಯಿತು, ಮಣ್ಣು ಸಡಿಲಿಸಿದ್ದು ಮಾಲಿ, ಮಳೆಗಾಲ ಮುಗಿದ ಮೇಲೆ ಮತ್ತೆ ನೋಡುವುದು.